ಕೊಬ್ಬಿನ ಉರಿಯೂತವನ್ನು ಮೈಕ್ರೋಆರ್‌ಎನ್‌ಎಯಲ್ಲಿ ಅಳೆಯಲು ಹೊರಟ ನನ್ನ ಅನುಭವ

ಮಂಗಳೂರಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ, ಮರುದಿನ ಸ್ತನದ ಗಡ್ಡೆ ತೆಗೆಸಿಕೊಳ್ಳಲಿದ್ದ ಅರವತ್ತು ದಾಟಿದ ತಾಯಿಯೊಬ್ಬರ ಮಂಚದ ಬಳಿ ಕುಳಿತು ನಾನು ಒಪ್ಪಿಗೆ ಪತ್ರವನ್ನು ಓದಿ ಹೇಳುತ್ತಿದ್ದೆ. ಅವರದು ತುಳು, ಪತ್ರದ್ದು ಕನ್ನಡ. ಹಾಗಾಗಿ ಎರಡನ್ನೂ ಬೆರೆಸಿ ಮಾತು ಸಾಗಿತ್ತು. ಗಡ್ಡೆಯ ಜೊತೆಗೆ ಅದರ ಸುತ್ತಲಿನ ಸ್ವಲ್ಪ ಕೊಬ್ಬನ್ನೂ ಸಂಶೋಧನೆಗೆ ತೆಗೆದುಕೊಳ್ಳುತ್ತೇವೆ ಎಂದಾಗ ಅವರು ನನ್ನನ್ನು ತಡೆದು, "ಗಡ್ಡೆಯನ್ನು ಪರೀಕ್ಷೆ ಮಾಡುವುದು ಸರಿ ಮಗಾ, ಬಿಸಾಡುವ ಕೊಬ್ಬಿನಲ್ಲಿ ಎಂತ ನೋಡ್ಲಿಕ್ಕುಂಟು?" ಎಂದು ಕೇಳಿದರು. ಪಿಎಚ್‌ಡಿ ನೋಂದಣಿಯ ಸಂದರ್ಶನದಲ್ಲಿ ನನಗೆ ಬಂದ ಎಲ್ಲ ಪ್ರಶ್ನೆಗಳಿಗಿಂತ ಇದು ನೇರವಾಗಿತ್ತು. ಮುಂದಿನ ಮೂರು ವರ್ಷಗಳಲ್ಲಿ ನಾನು ಮಾಡಿದ ಕೆಲಸವೆಲ್ಲ ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಹುಡುಕುವ ಪ್ರಯತ್ನವೇ ಆಗಿದೆ.

ಅಂದು ನಾನು ಕೊಟ್ಟ ಉತ್ತರ ಹೀಗಿತ್ತು. ಬಚ್ಚಲೊಲೆಯಲ್ಲಿ ತೆಂಗಿನ ಸಿಪ್ಪೆಗೆ ಹಿಡಿದ ಬೆಂಕಿ ಜ್ವಾಲೆಯಾಗಿ ಏಳದಿದ್ದರೂ ದಿನವಿಡೀ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಬೊಜ್ಜಿರುವ ದೇಹದ ಕೊಬ್ಬಿನಲ್ಲಿಯೂ ಅಂಥದೊಂದು ಕಾವು ಇರುತ್ತದೆ, ಆ ಕಾವಿಗೂ ಗಡ್ಡೆಯ ಬೆಳವಣಿಗೆಗೂ ಇರುವ ಸಂಬಂಧವನ್ನು ನಾವು ಹುಡುಕುತ್ತಿದ್ದೇವೆ ಎಂದೆ. ಅವರು ತಲೆಯಾಡಿಸಿ ಹೆಬ್ಬೆಟ್ಟು ಒತ್ತದೆ, ಪೆನ್ನು ಕೇಳಿ ಪಡೆದು ಸಹಿ ಮಾಡಿದರು.

ಈ ಮಾತಿನ ಹಿಂದಿರುವ ವಿಜ್ಞಾನವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕೊಬ್ಬಿನ ಕೋಶಗಳು ಮಿತಿಮೀರಿ ಉಬ್ಬಿದಾಗ ಅವುಗಳಿಗೆ ಆಮ್ಲಜನಕ ಸಾಲದೆ ಕೆಲವು ಸಾಯುತ್ತವೆ, ಸತ್ತ ಕೋಶವನ್ನು ಬಿಳಿರಕ್ತಕಣಗಳ ಬಳಗಕ್ಕೆ ಸೇರಿದ ಮ್ಯಾಕ್ರೋಫೇಜ್‌ಗಳು ಕಿರೀಟದಂತೆ ಸುತ್ತುವರಿಯುತ್ತವೆ. ನಾನು ಕಾವು ಎಂದದ್ದು ಇದನ್ನೇ, ವಿಜ್ಞಾನದ ಭಾಷೆಯಲ್ಲಿ ಇದು ಉರಿಯೂತ. 1993ರಲ್ಲಿ ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರೋಟೀನ್ ಹೆಚ್ಚಾಗಿ ಉತ್ಪತ್ತಿಯಾಗುವುದು ಗೊತ್ತಾಯಿತು. 2003ರಲ್ಲಿ ಪ್ರಕಟವಾದ ಸಂಶೋಧನೆಗಳು, ತೆಳ್ಳಗಿರುವವರ ಕೊಬ್ಬಿನಲ್ಲಿ ಶೇಕಡಾ 10ಕ್ಕಿಂತ ಕಡಿಮೆಯಿರುವ ಮ್ಯಾಕ್ರೋಫೇಜ್‌ಗಳ ಪ್ರಮಾಣ ತೀವ್ರ ಬೊಜ್ಜಿನಲ್ಲಿ ಶೇಕಡಾ 40ರ ಹತ್ತಿರಕ್ಕೆ ಏರಬಹುದು ಎಂದು ತೋರಿಸಿದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಅತಿತೂಕಕ್ಕೆ ಸಂಬಂಧಿಸಿದ ಕ್ಯಾನ್ಸರ್‌ಗಳೆಂದು 13 ಬಗೆಗಳನ್ನು ಗುರುತಿಸಿತು. ಮುಟ್ಟು ನಿಂತ ನಂತರ ಬರುವ ಸ್ತನ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್, ಕರುಳು, ಪಿತ್ತಕೋಶ, ಮೇದೋಜೀರಕ, ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರ್‌ಗಳು ಆ ಪಟ್ಟಿಯಲ್ಲಿವೆ. ನಾವು ಮುಟ್ಟು ನಿಂತ ಮಹಿಳೆಯರ ಸ್ತನ ಕ್ಯಾನ್ಸರನ್ನು ಆರಿಸಿಕೊಂಡೆವು. ಆ ವಯಸ್ಸಿನಲ್ಲಿ ಈಸ್ಟ್ರೋಜನ್ ಅಂಡಾಶಯದಿಂದಲ್ಲ, ಮುಖ್ಯವಾಗಿ ಕೊಬ್ಬಿನಲ್ಲಿರುವ ಅರೋಮಟೇಸ್ ಕಿಣ್ವದಿಂದ ತಯಾರಾಗುತ್ತದೆ. ಉರಿಯೂತವು ಆ ಕಿಣ್ವವನ್ನು ಹೆಚ್ಚಿಸುತ್ತದೆ. ಹಾಗಾಗಿ ಸ್ತನದಲ್ಲಿ ಕೊಬ್ಬು ಮತ್ತು ಗಡ್ಡೆ ಪಕ್ಕಪಕ್ಕದಲ್ಲಿ ವಾಸಿಸುವುದು ಕೇವಲ ನೆರೆಹೊರೆಯ ವಿಷಯವಲ್ಲ.

ಮೈಕ್ರೋಆರ್‌ಎನ್‌ಎ ಈ ಕಥೆಯಲ್ಲಿ ನಿಯಂತ್ರಕನ ಸ್ಥಾನದಲ್ಲಿದೆ. ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ (ಆರ್‌ಎನ್‌ಎ ಎಳೆಯ ಮಣಿಗಳಂಥ ಘಟಕಗಳು) ಉದ್ದವಿರುವ ಈ ಎಳೆಗಳು ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ. ಬೇರೆ ಜೀನ್‌ಗಳ ಸಂದೇಶವನ್ನು ಹೊತ್ತ ಆರ್‌ಎನ್‌ಎಗೆ ಅಂಟಿಕೊಂಡು ಅದರಿಂದ ಪ್ರೋಟೀನ್ ಆಗುವುದನ್ನು ತಡೆಯುತ್ತವೆ. 1993ರಲ್ಲಿ ಪುಟ್ಟ ದುಂಡುಹುಳುವೊಂದರಲ್ಲಿ ಮೊದಲ ಬಾರಿಗೆ ಇವನ್ನು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಬಂದಿತು. ಉರಿಯೂತದ ಆಜ್ಞೆ ಹೊರಡಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಎಚ್ಚರಗೊಂಡಾಗ ಕೋಶದಲ್ಲಿ ಮಿರ್-155 ಮತ್ತು ಮಿರ್-146ಎ (ಮಿರ್ ಎಂದರೆ ಮೈಕ್ರೋಆರ್‌ಎನ್‌ಎಯ ಹ್ರಸ್ವರೂಪ) ಎರಡೂ ಹೆಚ್ಚುತ್ತವೆ, ಆದರೆ ಅವುಗಳ ಕೆಲಸ ವಿರುದ್ಧ ದಿಕ್ಕಿನದು. ಮಿರ್-155 ಸಾಕ್ಸ್1 ಎಂಬ ಕಡಿವಾಣವನ್ನು ಕಳಚಿ ಉರಿಯನ್ನು ಮುಂದುವರಿಸುತ್ತದೆ. ಮಿರ್-146ಎ ಟ್ರಾಫ್6 ಮತ್ತು ಐರಾಕ್1 ಪ್ರೋಟೀನ್‌ಗಳನ್ನು ತಗ್ಗಿಸಿ, ಉರಿಯುವ ಕೊಳ್ಳಿಯನ್ನು ಒಲೆಯಿಂದ ಹಿಂದಕ್ಕೆ ಎಳೆದಂತೆ, ಅದೇ ಆಜ್ಞೆಯನ್ನು ತಣಿಸುತ್ತದೆ. ಇನ್ನು ಮಿರ್-21ರ ವಿಷಯ. ಕೊಬ್ಬಿನಿಂದ ಬರುವ ಐಎಲ್-6 ಎಂಬ ಸಂಕೇತವು ಸ್ಟ್ಯಾಟ್3 ಎಂಬ ಪ್ರೋಟೀನಿನ ಮೂಲಕ ಮಿರ್-21ನ್ನು ಹೆಚ್ಚಿಸುತ್ತದೆ, ಅದು ಗಡ್ಡೆಯನ್ನು ಹತ್ತಿಕ್ಕುವ ಪಿಟೆನ್ ಮತ್ತು ಪಿಡಿಸಿಡಿ4 ಪ್ರೋಟೀನ್‌ಗಳನ್ನು ಕುಗ್ಗಿಸುತ್ತದೆ. ನನ್ನನ್ನು ಈ ಕ್ಷೇತ್ರಕ್ಕೆ ಎಳೆದದ್ದು 2009ರಲ್ಲಿ ಹಾರ್ವರ್ಡ್‌ನ ಪ್ರಯೋಗಾಲಯವೊಂದು ಪ್ರಕಟಿಸಿದ ಪ್ರಯೋಗ. ಸ್ತನದ ಮಾಮೂಲಿ ಕೋಶಗಳಿಗೆ ಸ್ವಲ್ಪ ಹೊತ್ತು ಮಾತ್ರ ಉರಿಯೂತದ ಪ್ರಚೋದನೆ ಕೊಟ್ಟು ನಿಲ್ಲಿಸಿದರೂ ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ ಕುಸಿದು, ಅದು ತಡೆಹಿಡಿದಿದ್ದ ಐಎಲ್-6 ಏರಿ, ಆ ಐಎಲ್-6 ಮತ್ತೆ ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುವ ಚಕ್ರವೊಂದು ಏರ್ಪಟ್ಟು, ಕೋಶಗಳು ಕ್ಯಾನ್ಸರಿನ ಗುಣವನ್ನು ಪಡೆದು ಹಾಗೆಯೇ ಉಳಿದವು. ಕಿಡಿ ಆರಿದ ಮೇಲೂ ಬೆಂಕಿ ಉಳಿಯುವ ಈ ಸಂಗತಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ನಮ್ಮ ಪ್ರಯೋಗಾಲಯ ಇರುವುದು ಉಡುಪಿಯ ಸಮೀಪದಲ್ಲಿ. ಶಸ್ತ್ರಚಿಕಿತ್ಸೆಗಳು ಹೆಚ್ಚಾಗಿ ಮಂಗಳೂರಿನಲ್ಲಿ ನಡೆಯುತ್ತಿದ್ದವು. ಹಾಗಾಗಿ ಬೊಜ್ಜು ಮತ್ತು ಕ್ಯಾನ್ಸರ್ ಇರುವವರ ರಕ್ತ ಮಂಗಳೂರಿನಿಂದ ಬರಲಿ, ಹೋಲಿಕೆಗೆ ಬೇಕಾದ ಆರೋಗ್ಯವಂತ, ತೆಳ್ಳಗಿನ ಮಹಿಳೆಯರ ರಕ್ತವನ್ನು ಉಡುಪಿಯಲ್ಲೇ ಪಡೆಯೋಣ ಎಂದು ನಾನು ನಿರ್ಧರಿಸಿದೆ. ಅನುಕೂಲದ ದೃಷ್ಟಿಯಿಂದ ಇದಕ್ಕಿಂತ ಸುಲಭವಾದ ದಾರಿ ಇರಲಿಲ್ಲ. ಸಂಶೋಧನೆಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ದಾರಿಯೂ ಇರಲಿಲ್ಲ ಎಂಬುದು ತಿಳಿಯಲು ಒಂದು ವರ್ಷ ಬೇಕಾಯಿತು.

ಮೊದಲ ವರ್ಷದ ಫಲಿತಾಂಶ ಬಂದಾಗ ಬೊಜ್ಜಿನ ಗುಂಪಿನ ಪ್ಲಾಸ್ಮಾದಲ್ಲಿ (ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವ) ಮಿರ್-21 ಹೆಚ್ಚಿತ್ತು, ಮಿರ್-223 ಹೆಚ್ಚಿತ್ತು, ಮಿರ್-16 ಕೂಡ ಹೆಚ್ಚಿತ್ತು. ನಾನು ಸಂತೋಷದಿಂದ ನಕ್ಷೆಗಳನ್ನು ತಯಾರಿಸಿ ಮಾರ್ಗದರ್ಶಕಿಯವರ ಮುಂದಿಟ್ಟೆ. ಮೇಡಂ ಅವುಗಳನ್ನು ಬಹಳ ಹೊತ್ತು ನೋಡಿದರು. "ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿದೆಯಲ್ಲ? ಮಿರ್-16ಕ್ಕೂ ಉರಿಯೂತಕ್ಕೂ ನೀನು ಹೇಳುವ ಸಂಬಂಧ ಯಾವುದು?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. "ಹಾಗಾದರೆ ಮೊದಲು ಮಿರ್-451ಎ ಮತ್ತು ಮಿರ್-23ಎ ಎರಡನ್ನೂ ಅಳೆದುಕೊಂಡು ಬಾ" ಎಂದರು.

ಈ ಜೋಡಿಯ ಮಹತ್ವವನ್ನು ರಕ್ತದಲ್ಲಿ ಮೈಕ್ರೋಆರ್‌ಎನ್‌ಎ ಅಳೆಯುವ ಪ್ರತಿಯೊಬ್ಬರೂ ಮೊದಲ ದಿನವೇ ತಿಳಿದಿರಬೇಕು. ಮಿರ್-451ಎ ಕೆಂಪು ರಕ್ತಕಣಗಳ ಒಳಗೆ ಹೇರಳವಾಗಿರುತ್ತದೆ. ರಕ್ತಕಣಗಳು ಒಡೆದರೂ ಮಿರ್-23ಎ ಪ್ರಮಾಣ ಹೆಚ್ಚೇನೂ ಬದಲಾಗುವುದಿಲ್ಲ. ಆರ್‌ಎನ್‌ಎಯ ಪ್ರತಿಗಳನ್ನು ಆವರ್ತದಿಂದ ಆವರ್ತಕ್ಕೆ ಇಮ್ಮಡಿಸಿ ಅಳೆಯುವ ಕ್ಯೂಪಿಸಿಆರ್ ಯಂತ್ರದಲ್ಲಿ ಎಷ್ಟನೆಯ ಆವರ್ತದಲ್ಲಿ ಸಂಕೇತ ಕಾಣಿಸಿತು ಎಂಬುದೇ ಸಿಟಿ ಮೌಲ್ಯ, ಅದು ಒಂದು ಕಡಿಮೆಯಾದರೆ ಪ್ರಮಾಣ ಸುಮಾರು ಎರಡು ಪಟ್ಟು ಹೆಚ್ಚಿದೆ ಎಂದರ್ಥ. ಮಿರ್-23ಎಯ ಸಿಟಿಯಿಂದ ಮಿರ್-451ಎಯ ಸಿಟಿಯನ್ನು ಕಳೆದಾಗ ಬರುವ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಮಾದರಿ ಚೆನ್ನಾಗಿದೆ, 7ನ್ನು ದಾಟಿದರೆ ಕೆಂಪು ಕಣಗಳು ಒಡೆದು ತಮ್ಮ ಒಳಸರಕನ್ನು ಪ್ಲಾಸ್ಮಾಕ್ಕೆ ಸುರಿದಿವೆ ಎಂದು ತಿಳಿಯಬೇಕು. ಮಂಗಳೂರಿನಿಂದ ಬಂದ ಮಾದರಿಗಳಲ್ಲಿ ಬಹುಪಾಲು 7ನ್ನು ದಾಟಿದ್ದವು. ಉಡುಪಿಯಲ್ಲಿ ಪಡೆದವುಗಳಲ್ಲಿ ಒಂದೆರಡನ್ನು ಬಿಟ್ಟರೆ ಯಾವುದೂ ದಾಟಿರಲಿಲ್ಲ. ಮಿರ್-16 ಕೂಡ ಕೆಂಪು ಕಣಗಳದ್ದೇ ಸರಕು. ಮಿರ್-223 ಬಿಳಿರಕ್ತಕಣ ಮತ್ತು ಕಿರುಫಲಕಗಳಲ್ಲಿ (ಪ್ಲೇಟ್‌ಲೆಟ್) ತುಂಬಿರುತ್ತದೆ. ಬೊಜ್ಜಿನ ಪರಿಣಾಮ ಎಂದು ನಾನು ನಂಬಿದ್ದರಲ್ಲಿ ದೊಡ್ಡ ಪಾಲು ಎರಡು ಊರುಗಳ ನಡುವಿನ ರಸ್ತೆಯ ಪರಿಣಾಮವಾಗಿತ್ತು.

ಆ ರಸ್ತೆಯ ಬಗ್ಗೆ ಹೇಳಲೇಬೇಕು. ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 55 ಕಿಲೋಮೀಟರ್. ಬೆಳಿಗ್ಗೆ ತೆಗೆದ ರಕ್ತ ಸುರತ್ಕಲ್, ಮೂಲ್ಕಿ, ಹೆಜಮಾಡಿಯ ಟೋಲ್, ಪಡುಬಿದ್ರಿ, ಕಾಪು ದಾಟಿ ನಮ್ಮ ಮೇಜಿಗೆ ಬರುವಷ್ಟರಲ್ಲಿ ಒಳ್ಳೆಯ ದಿನ ಎರಡು ಗಂಟೆ, ಜುಲೈ ತಿಂಗಳ ಮಳೆಯಲ್ಲಿ ನಾಲ್ಕು ಗಂಟೆ ಆಗುತ್ತಿತ್ತು. ಇದರ ಮೇಲೆ ನಾನು ಇನ್ನೊಂದು ತಪ್ಪನ್ನೂ ಮಾಡಿದ್ದೆ. ರಕ್ತ ಕೆಡಬಾರದೆಂದು ಟ್ಯೂಬುಗಳನ್ನು ಹೆಪ್ಪುಗಟ್ಟಿದ ಜೆಲ್ ಪ್ಯಾಕ್‌ಗಳಿಗೆ ತಾಗಿಸಿಯೇ ಇಡುತ್ತಿದ್ದೆ. ಹಾಗೆ ತಾಗಿದ ಕಡೆ ಕೆಂಪು ಕಣಗಳು ಒಡೆಯುತ್ತವೆ, ತಂಪಿಗೆ ಕಿರುಫಲಕಗಳು ಉದ್ರೇಕಗೊಂಡು ತಮ್ಮಲ್ಲಿರುವುದನ್ನು ಹೊರಬಿಡುತ್ತವೆ. ಹಾಲು, ಮೀನು ಕೆಡದಂತೆ ಮಂಜುಗಡ್ಡೆಯಲ್ಲಿ ಇಡುವ ಊರಿನಲ್ಲಿ ಬೆಳೆದ ನನಗೆ, ಪ್ಲಾಸ್ಮಾ ಬೇರ್ಪಡಿಸುವವರೆಗೆ ರಕ್ತವನ್ನು ಕೋಣೆಯ ಉಷ್ಣತೆಯಲ್ಲೇ ಇಡಬೇಕು ಎಂಬುದನ್ನು ಮನಸ್ಸು ಒಪ್ಪಲು ಸಮಯ ಹಿಡಿಯಿತು.

ಒಂದು ವರ್ಷದ ಪ್ಲಾಸ್ಮಾ ದತ್ತಾಂಶವನ್ನು ನಾವು ಬದಿಗಿಟ್ಟೆವು. ರಕ್ತ ಕೊಟ್ಟವರ ಮುಖಗಳು ನೆನಪಾಗಿ ನನಗೆ ನಿಜವಾಗಿಯೂ ದುಃಖವಾಯಿತು. ಉಪವಾಸವಿದ್ದು ಬೆಳಿಗ್ಗೆ ಏಳು ಗಂಟೆಗೆ ಬಂದು ಕುಳಿತಿದ್ದ ಹೆಂಗಸರು ಅವರು.

ಎರಡನೆಯ ವರ್ಷ ಕ್ರಮವನ್ನು ಬುಡದಿಂದ ಬದಲಾಯಿಸಿದೆವು. ಎರಡೂ ಗುಂಪಿನವರ ರಕ್ತವನ್ನು ಮಂಗಳೂರಿನ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಸಿಸ್ಟರ್ ಕೈಯಿಂದ ತೆಗೆಯುವುದೆಂದು ತೀರ್ಮಾನವಾಯಿತು. ಹೋಲಿಕೆಗೆ ಆರೋಗ್ಯವಂತ ಸ್ವಯಂಸೇವಕರ ಬದಲು, ಅಪಾಯವಿಲ್ಲದ ಗಡ್ಡೆಗಾಗಿ ಅದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಬಂದವರನ್ನು ಕೇಳಿಕೊಂಡೆವು. ಇದರಿಂದ ಅವರ ಕೊಬ್ಬಿನ ಮಾದರಿಯೂ ಸಿಗುವಂತಾಯಿತು. ಬೊಜ್ಜಿನ ಗಡಿಯಾಗಿ ಪಾಶ್ಚಾತ್ಯ ದೇಶಗಳ 30 ಬಿಎಂಐಯನ್ನು (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಬಿಟ್ಟು ಭಾರತೀಯರಿಗೆ ಸೂಚಿಸಲಾದ 25ನ್ನು ತೆಗೆದುಕೊಂಡು, ಅದರ ಜೊತೆಗೆ ಮಹಿಳೆಯರಿಗೆ 80 ಸೆಂಟಿಮೀಟರ್ ಎಂಬ ಸೊಂಟದ ಸುತ್ತಳತೆಯನ್ನೂ ಕಡ್ಡಾಯವಾಗಿ ಬರೆದುಕೊಂಡೆವು. ಕೈಕಾಲು ಸಣ್ಣದಿದ್ದು ಹೊಟ್ಟೆಯಲ್ಲಿ ಮಾತ್ರ ಕೊಬ್ಬು ತುಂಬಿರುವವರು ನಮ್ಮ ಕರಾವಳಿಯಲ್ಲಿ ಎಷ್ಟೋ ಮಂದಿ ಇದ್ದಾರೆ. ತೂಕದ ಯಂತ್ರವೊಂದನ್ನೇ ನಂಬಿದರೆ ಅವರನ್ನು ತೆಳ್ಳಗಿನವರ ಸಾಲಿಗೆ ಸೇರಿಸಿಬಿಡುತ್ತೇವೆ.

ರಕ್ತ ತೆಗೆಯುವಾಗ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಮಾತ್ರ ಬಳಸಿದೆವು. ಇಡಿಟಿಎಯಂತೆ ಹೆಪಾರಿನ್ ಕೂಡ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಆದರೆ ಹಸಿರು ಮುಚ್ಚಳದ ಟ್ಯೂಬಿನಲ್ಲಿರುವ ಆ ಹೆಪಾರಿನ್ ಪಿಸಿಆರ್ ಕಿಣ್ವಗಳನ್ನು ಕೆಲಸ ಮಾಡಗೊಡುವುದಿಲ್ಲ. ರೋಗಿಗೆ ಶಸ್ತ್ರಚಿಕಿತ್ಸೆಯ ಸುಮಾರಿಗೆ ಹೆಪಾರಿನ್ ಚುಚ್ಚುಮದ್ದು ಕೊಡುವುದಿದ್ದರೆ ಅದಕ್ಕೂ ಮೊದಲೇ ರಕ್ತ ತೆಗೆದೆವು. ವಾರ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ, ರಕ್ತವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಒಂದು ಸೆಂಟ್ರಿಫ್ಯೂಜ್ ಇಟ್ಟು, ಒಂದು ಗಂಟೆಯ ಒಳಗೆ ಮೊದಲ ಸುತ್ತನ್ನು 2,000 ಜಿ (ಗುರುತ್ವದ 2,000 ಪಟ್ಟು) ಬಲದಲ್ಲಿ ಹತ್ತು ನಿಮಿಷ ನಡೆಸಿ, ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಪ್ಲಾಸ್ಮಾವನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೆಗೆದೆವು. ಆಸೆಪಟ್ಟು ಇನ್ನೊಂದು ನೂರು ಮೈಕ್ರೋಲೀಟರ್ ಎಳೆಯಲು ಹೋದರೆ ಬಿಳಿರಕ್ತಕಣಗಳೂ ಪಿಪೆಟ್ಟಿಗೆ ಬರುತ್ತವೆ. ಕಿರುಫಲಕಗಳು ಉಳಿಯದಂತೆ ಎರಡನೆಯ ಸುತ್ತನ್ನು 12,000 ಜಿಯಲ್ಲಿ ನಡೆಸಿ, ಆಮೇಲೆ ಡ್ರೈ ಐಸ್ ಮೇಲೆ ಇಟ್ಟು ಉಡುಪಿಗೆ ತಂದೆವು. ಹೆಪ್ಪುಗಟ್ಟಿದ ಪ್ಲಾಸ್ಮಾಕ್ಕೆ ರಸ್ತೆಯ ಹೊಂಡಗಳ ಭಯವಿಲ್ಲ.

ಬೊಜ್ಜಿನ ಅಧ್ಯಯನ ಮಾಡುವವರಿಗೆ ಹೆಚ್ಚಾಗಿ ಎದುರಾಗುವ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಕೆಂಪು ಕಣ ಒಡೆದಿದೆಯೇ ಎಂದು ನೋಡಲು ಪ್ಲಾಸ್ಮಾದ ಹೀರುವಿಕೆಯನ್ನು 414 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆಯುವುದು ವಾಡಿಕೆ, ಹೀಮೋಗ್ಲೋಬಿನ್ ಆ ಬೆಳಕನ್ನು ಹೀರುತ್ತದೆ. ಆದರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿರುವವರ ಪ್ಲಾಸ್ಮಾ ಗಂಜಿತಿಳಿಯಂತೆ ಮಸುಕಾಗಿರುತ್ತದೆ, ಆ ಮಸುಕು ಎಲ್ಲ ತರಂಗಾಂತರಗಳಲ್ಲೂ ಬೆಳಕನ್ನು ತಡೆಯುವುದರಿಂದ ಒಡೆಯದ ಮಾದರಿಯೂ ಒಡೆದಂತೆ ತೋರುತ್ತದೆ. ಒಂದೇ ಸಂಖ್ಯೆಯನ್ನು ನೋಡಿ ಬಿಸಾಡುತ್ತಾ ಹೋದರೆ ಬೊಜ್ಜು ತೀವ್ರವಾಗಿರುವವರೇ ಅಧ್ಯಯನದಿಂದ ಹೊರಬೀಳುತ್ತಾರೆ. ಮಸುಕಿನ ಪಾಲನ್ನು ಅಂದಾಜಿಸಲು ನಾವು 385 ನ್ಯಾನೋಮೀಟರ್‌ನಲ್ಲಿಯೂ ಅಳೆದು, ಎರಡನ್ನೂ ಹೋಲಿಸಿ, ಕೊನೆಯ ತೀರ್ಮಾನವನ್ನು ಮಿರ್-23ಎ ಮತ್ತು ಮಿರ್-451ಎ ಜೋಡಿಗೆ ಬಿಟ್ಟೆವು. ಹನ್ನೆರಡು ಗಂಟೆಗಳ ಉಪವಾಸದ ನಂತರ ರಕ್ತ ತೆಗೆಯುವುದರಿಂದಲೂ ಮಸುಕು ಬಹಳ ಮಟ್ಟಿಗೆ ತಗ್ಗಿತು.

ಕೊಬ್ಬಿನ ಮಾದರಿಯ ಕಷ್ಟಗಳು ಬೇರೆ ಬಗೆಯವು. ವಿದ್ಯುತ್ ಕಾಟರಿಯಿಂದ ಕತ್ತರಿಸಿದ ಅಂಚಿನಲ್ಲಿ ಆರ್‌ಎನ್‌ಎ ಸುಟ್ಟುಹೋಗಿರುತ್ತದೆ, ಆದ್ದರಿಂದ ನಮ್ಮ ತುಂಡನ್ನು ಬ್ಲೇಡಿನಿಂದಲೇ ಕತ್ತರಿಸಿಕೊಡುವಂತೆ ಸರ್ಜನ್ ಅವರನ್ನು ವಿನಂತಿಸಿಕೊಂಡೆ. ರಕ್ತಪೂರೈಕೆ ನಿಂತ ನಿಮಿಷದಿಂದಲೇ ಅಂಗಾಂಶದಲ್ಲಿ ಐಎಲ್-6ರಂತಹ ಉರಿಯೂತದ ಜೀನ್‌ಗಳು ಏರತೊಡಗುತ್ತವೆ. ಹೀಗಿರುವಾಗ ಕೊಬ್ಬಿನ ತುಂಡು ಬಟ್ಟಲಿನಲ್ಲಿ ಅರ್ಧ ಗಂಟೆ ಕಾದು ಕುಳಿತರೆ ನಾವು ಅಳೆಯುವುದು ಬೊಜ್ಜಿನ ಉರಿಯನ್ನೋ ಬಟ್ಟಲಿನಲ್ಲಿ ಹುಟ್ಟಿದ ಉರಿಯನ್ನೋ ಎಂದು ಹೇಳಲು ಬರುವುದಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ದ್ರವ ಸಾರಜನಕದ ಕ್ಯಾನ್ ಹಿಡಿದು ನಿಂತಿರುವುದು ನನ್ನ ದಿನಚರಿಯಾಯಿತು.

ಆರ್‌ಎನ್‌ಎ ಹೊರತೆಗೆಯುವಾಗ ಕೊಬ್ಬು ತನ್ನ ಸ್ವಭಾವವನ್ನು ತೋರಿಸುತ್ತದೆ. ನೂರು ಮಿಲಿಗ್ರಾಂ ಯಕೃತ್ತಿನಿಂದ ಸಿಗುವುದರ ಸಣ್ಣದೊಂದು ಅಂಶವಷ್ಟೇ ನೂರು ಮಿಲಿಗ್ರಾಂ ಕೊಬ್ಬಿನಿಂದ ಸಿಗುತ್ತದೆ, ಏಕೆಂದರೆ ಆ ತೂಕದ ಬಹುಭಾಗ ಬರಿಯ ಎಣ್ಣೆ. ಕೋಶಗಳನ್ನು ಒಡೆಯುವ ಟ್ರೈಜಾಲ್ ದ್ರಾವಣದಲ್ಲಿ ಅರೆದ ಕೂಡಲೇ ಕ್ಲೋರೋಫಾರ್ಮ್ ಹಾಕದೆ, ಮೊದಲು 4 ಡಿಗ್ರಿಯಲ್ಲಿ 12,000 ಜಿಯಲ್ಲಿ ಹತ್ತು ನಿಮಿಷ ತಿರುಗಿಸಿದರೆ ಎಣ್ಣೆ ಕೆನೆಯಂತೆ ಮೇಲೆ ನಿಲ್ಲುತ್ತದೆ. ಪಿಪೆಟ್ಟಿನ ತುದಿಯನ್ನು ಆ ಪದರದ ಕೆಳಗೆ ಇಳಿಸಿ ಸ್ಪಷ್ಟವಾದ ದ್ರವವನ್ನು ಮಾತ್ರ ಎಳೆಯಬೇಕು. ಮುಂದಿನ ಹಂತದಲ್ಲಿ ನಾನು ಆರಂಭದಲ್ಲಿ ಒಂದು ತಿಂಗಳನ್ನು ಕಳೆದುಕೊಂಡೆ. ಪ್ರಯೋಗಾಲಯದಲ್ಲಿ ಎಲ್ಲರೂ ಬಳಸುತ್ತಿದ್ದ, ಆರ್‌ಎನ್‌ಎಯನ್ನು ಹಿಡಿದಿಟ್ಟುಕೊಳ್ಳುವ ಸೋಸುಕದಂಥ ಕಾಲಂನಲ್ಲಿ 70 ಶೇಕಡಾ ಎಥನಾಲ್ ಸೇರಿಸಿ ಶುದ್ಧಗೊಳಿಸುತ್ತಿದ್ದೆ, ಒಟ್ಟು ಆರ್‌ಎನ್‌ಎ ಚೆನ್ನಾಗಿಯೇ ಬರುತ್ತಿತ್ತು, ಆದರೆ ಮೈಕ್ರೋಆರ್‌ಎನ್‌ಎ ಸಂಕೇತ ಬಹಳ ದುರ್ಬಲವಾಗಿತ್ತು. ಆ ಸಾಂದ್ರತೆಯಲ್ಲಿ 200 ನ್ಯೂಕ್ಲಿಯೋಟೈಡ್‌ಗಿಂತ ಸಣ್ಣ ಎಳೆಗಳು ಕಾಲಂಗೆ ಅಂಟಿಕೊಳ್ಳದೆ ತೊಳೆದ ನೀರಿನ ಜೊತೆ ಹರಿದುಹೋಗುತ್ತವೆ. ಶುದ್ಧ ಎಥನಾಲನ್ನು ಒಂದೂವರೆ ಪಾಲು ಸೇರಿಸಿದ ದಿನ ಸಿಟಿ ಮೌಲ್ಯಗಳು ಒಮ್ಮೆಲೇ ಕೆಳಗಿಳಿದವು. ನಾನು ಹುಡುಕುತ್ತಿದ್ದುದನ್ನೇ ಪ್ರತಿದಿನ ಸಿಂಕಿಗೆ ಚೆಲ್ಲುತ್ತಿದ್ದೆ.

ಸರಿಯಾದ ಮಾದರಿಗಳಿಂದ ಬಂದ ಚಿತ್ರ ಮೊದಲಿನಷ್ಟು ಆಕರ್ಷಕವಾಗಿರಲಿಲ್ಲ. ಪ್ಲಾಸ್ಮಾದಲ್ಲಿ ಮಿರ್-21ರ ವ್ಯತ್ಯಾಸ ಬಹುತೇಕ ಮಾಯವಾಯಿತು. ಮಿರ್-155 ಪ್ಲಾಸ್ಮಾದಲ್ಲಿ ಎಷ್ಟು ಕಡಿಮೆ ಇತ್ತೆಂದರೆ ಅದರ ಸಿಟಿ ಅನೇಕರಲ್ಲಿ 35ನ್ನು ದಾಟುತ್ತಿತ್ತು. ಅಷ್ಟು ತಡವಾಗಿ ಬಂದ ಸಂಕೇತದ ಮೇಲೆ ಪಟ್ಟುಗಳ ಲೆಕ್ಕ ಹಾಕುವುದು ತಪ್ಪೆಂದು ನಾನು ನಂಬಿದ್ದೇನೆ, ಆದ್ದರಿಂದ ಅದನ್ನು ವರದಿಯಲ್ಲಿ ಅಳೆಯಲಾಗಲಿಲ್ಲ ಎಂದೇ ಬರೆದೆ. ಆದರೆ ಕೊಬ್ಬಿನ ಅಂಗಾಂಶದಲ್ಲಿ ಕಥೆ ಬೇರೆಯಾಗಿತ್ತು. ಬೊಜ್ಜಿನ ಗುಂಪಿನಲ್ಲಿ, ಅದರಲ್ಲೂ ಗಡ್ಡೆಗೆ ಹತ್ತಿರದ ಕೊಬ್ಬಿನಲ್ಲಿ, ಮಿರ್-155 ಮತ್ತು ಮಿರ್-223 ಎರಡೂ ಸ್ಪಷ್ಟವಾಗಿ ಹೆಚ್ಚಿದ್ದವು.

ಇಲ್ಲಿಯೂ ಮೇಡಂ ಒಂದು ಪ್ರಶ್ನೆ ಕೇಳಿದರು. ಪ್ರತಿ ಕೋಶದಲ್ಲಿ ಮೈಕ್ರೋಆರ್‌ಎನ್‌ಎ ಹೆಚ್ಚಿದೆಯೋ, ಅಥವಾ ಅದನ್ನು ಹೊತ್ತಿರುವ ಮ್ಯಾಕ್ರೋಫೇಜ್‌ಗಳ ಸಂಖ್ಯೆಯೇ ಹೆಚ್ಚಿದೆಯೋ? ಅರೆದ ಕೊಬ್ಬಿನಲ್ಲಿ ಈ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅದೇ ತುಂಡಿನ ಇನ್ನೊಂದು ಭಾಗವನ್ನು ಮ್ಯಾಕ್ರೋಫೇಜ್‌ಗಳ ಗುರುತಾದ ಸಿಡಿ68ಕ್ಕೆ ಬಣ್ಣ ಹಾಕಿ ನೋಡಿದಾಗ, ಕಿರೀಟದ ಆಕಾರದ ಗುಂಪುಗಳು ಎಲ್ಲಿ ಹೆಚ್ಚಿದ್ದವೋ ಅಲ್ಲಿಯೇ ಮಿರ್-223 ಕೂಡ ಹೆಚ್ಚಿತ್ತು. ಅದು ಹೆಚ್ಚಾಗಿ ಜನಸಂಖ್ಯೆಯ ಲೆಕ್ಕ ಎಂದು ನನ್ನ ಅಭಿಪ್ರಾಯ. ಅಲ್ಲದೆ ಮಿರ್-223 ಇಲ್ಲದ ಇಲಿಗಳಲ್ಲಿ ಕೊಬ್ಬಿನ ಉರಿಯೂತ ಇನ್ನೂ ಹೆಚ್ಚಾಗುತ್ತದೆ ಎಂಬುದು 2012ರಿಂದಲೇ ಗೊತ್ತಿರುವ ವಿಷಯ. ಹೆಚ್ಚಾಗಿರುವುದೆಲ್ಲ ಅಪರಾಧಿಯಲ್ಲ, ಬೆಂಕಿ ಬಿದ್ದಲ್ಲಿ ನೀರು ಹೊತ್ತು ಬಂದವರೂ ಇರುತ್ತಾರೆ. ಮಿರ್-155ರ ಬಗ್ಗೆ ನನ್ನ ಮನಸ್ಸು ಬೇರೆ ರೀತಿ ಹೇಳುತ್ತದೆ. 2017ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಬೊಜ್ಜಿನ ಇಲಿಯ ಕೊಬ್ಬಿನ ಮ್ಯಾಕ್ರೋಫೇಜ್‌ಗಳು ಹೊರಬಿಡುವ ಎಕ್ಸೋಸೋಮ್ ಎಂಬ ಸೂಕ್ಷ್ಮ ಚೀಲಗಳನ್ನು ತೆಳ್ಳಗಿನ ಇಲಿಗೆ ಕೊಟ್ಟಾಗ ಅದಕ್ಕೂ ಇನ್ಸುಲಿನ್ ನಾಟದಂತಾಯಿತು, ಆ ಚೀಲಗಳಲ್ಲಿ ಮಿರ್-155 ಹೇರಳವಾಗಿತ್ತು. ಕೊಬ್ಬಿನ ಒಂದು ಕೋಶ ತನ್ನ ಕಾವನ್ನು ಚೀಲದಲ್ಲಿ ಕಟ್ಟಿ ಬೇರೆ ಕೋಶಕ್ಕೆ ಕಳುಹಿಸಬಲ್ಲದು ಎಂದಾದರೆ, ಪಕ್ಕದಲ್ಲೇ ಇರುವ ಸ್ತನದ ಗಡ್ಡೆಗೆ ಅದು ತಲುಪದೆ ಇರುವುದಕ್ಕೆ ಕಾರಣವಿಲ್ಲ. ಸ್ತನ ಕ್ಯಾನ್ಸರಿನ ಕೋಶಗಳಲ್ಲಿ ಮಿರ್-155 ಸಾಕ್ಸ್1ನ್ನು ತಗ್ಗಿಸಿ ಸ್ಟ್ಯಾಟ್3ನ್ನು ಎಬ್ಬಿಸುವುದು ಈಗಾಗಲೇ ತೋರಿಸಲ್ಪಟ್ಟಿದೆ.

ಮೂರನೆಯ ವರ್ಷ ಪೂರ್ತಿ ಈ ಪ್ರಶ್ನೆಗೇ ಮೀಸಲಾಯಿತು. ಕೊಬ್ಬಿನ ತಾಜಾ ತುಂಡನ್ನು ಕೊಲಾಜಿನೇಸ್ ಕಿಣ್ವದಲ್ಲಿ ಕರಗಿಸಿ, ತೇಲುವ ಕೊಬ್ಬಿನ ಕೋಶಗಳನ್ನು ಮತ್ತು ತಳದಲ್ಲಿ ಕೂರುವ ಉಳಿದ ಕೋಶಗಳನ್ನು ಬೇರ್ಪಡಿಸಿ, ತಳದ ಕೋಶಗಳಿಂದ, ಮ್ಯಾಕ್ರೋಫೇಜ್‌ಗಳ ಮೇಲಿನ ಸಿಡಿ14 ಎಂಬ ಗುರುತಿಗೆ ಅಂಟುವ ಮಣಿಗಳ ಸಹಾಯದಿಂದ ಮ್ಯಾಕ್ರೋಫೇಜ್‌ಗಳನ್ನು ಮಾತ್ರ ಹೆಕ್ಕಿ ಅಳೆಯುತ್ತಿದ್ದೇನೆ. ಈ ಕೆಲಸಕ್ಕೆ ಹೆಪ್ಪುಗಟ್ಟಿಸಿದ ತುಂಡು ಆಗುವುದಿಲ್ಲ, ಕೊಬ್ಬು ಜೀವಂತವಾಗಿಯೇ ಮೇಜಿಗೆ ಬರಬೇಕು. ಹೀಗಾಗಿ ಪ್ರಯೋಗದ ಈ ಭಾಗವನ್ನು ಮಂಗಳೂರಿನಲ್ಲೇ ಮಾಡುತ್ತಿದ್ದೇನೆ, ಶಸ್ತ್ರಚಿಕಿತ್ಸೆ ಇರುವ ದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ರಾತ್ರಿಯ ಕೊನೆಯ ಬಸ್ಸಿಗೆ ಮರಳುತ್ತೇನೆ. ಮಾದರಿಗಳ ಸಂಖ್ಯೆ ಇನ್ನೂ ಚಿಕ್ಕದು, ಆದುದರಿಂದ ಈ ಭಾಗದ ಫಲಿತಾಂಶವನ್ನು ನಾನು ಇಲ್ಲಿ ಹೇಳುವುದಿಲ್ಲ.

ಮಾದರಿಯ ಹಾಳೆಯಲ್ಲಿ ಮೊದಲು ಹೆಸರಿನ ಸಂಕೇತ, ವಯಸ್ಸು ಮತ್ತು ತೂಕ ಎಂಬ ಮೂರು ಕಲಮುಗಳಷ್ಟೇ ಇದ್ದವು. ಈಗ ರಕ್ತ ತೆಗೆದ ಗಳಿಗೆ, ಸೆಂಟ್ರಿಫ್ಯೂಜ್ ತಿರುಗಿದ ಗಳಿಗೆ, ಕೊಬ್ಬಿನ ರಕ್ತಪೂರೈಕೆ ನಿಂತ ಗಳಿಗೆ, ಸಾರಜನಕಕ್ಕೆ ಹಾಕಿದ ಗಳಿಗೆ ಎಲ್ಲವಕ್ಕೂ ಒಂದೊಂದು ಕಲಮು ಇದೆ. ಶಸ್ತ್ರಚಿಕಿತ್ಸೆಯ ಕೋಣೆಯ ಹಿರಿಯ ಸಿಸ್ಟರ್ ಆರಂಭದಲ್ಲಿ ಇದನ್ನು ತುಂಬಲು ಬೇಸರಪಟ್ಟಿದ್ದರು, ಯಾಕೆ ಬೇಕೆಂದು ಒಂದು ದಿನ ಕುಳಿತು ವಿವರಿಸಿದ ಮೇಲೆ ಅವರು ಗೋಡೆಯ ಗಡಿಯಾರವನ್ನು ನೋಡಿ ನಿಮಿಷವನ್ನು ತಾವಾಗಿಯೇ ಕೂಗಿ ಹೇಳುತ್ತಾರೆ. ಕಳೆದ ವಾರ ನಾನು ಬಾಗಿಲ ಬಳಿ ಬರುವುದು ತಡವಾದಾಗ, ತುಂಡನ್ನು ತಾವೇ ಸಾರಜನಕಕ್ಕೆ ಹಾಕಿ, ಒಂಬತ್ತು ಗಂಟೆ ನಲವತ್ತೆರಡು ನಿಮಿಷ ಎಂದು ಕೈಗವಸಿನ ಮೇಲೆ ಬರೆದು ತೋರಿಸಿದರು.